ಬಿಡ್ತು ಅನ್ರೀ

ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಜೋರು. ಮೈಸೂರಿನಲ್ಲಿ ಓದುವಾಗಲೂ ಜೋರಿತ್ತು, ನ್ಯೂಜಿಲೆಂಡಿಗೆ ಬಂದು ಹದಿನಾರು ವರ್ಷವಾದ ಮೇಲೂ ತಗ್ಗಿರಲಿಲ್ಲ. ಆ ಬಾಯಿಯನ್ನು ನಂಬಿಕೊಂಡೇ ನಮ್ಮ ಕನ್ನಡ ಕೂಟದವರು ಆ ವರ್ಷ ಯುಗಾದಿ ಊಟಕ್ಕೆ ಮುಂಚೆ ಹದಿನೈದು ನಿಮಿಷ ನನ್ನ ಕೈಗೆ ಮೈಕು ಕೊಟ್ಟಿದ್ದರು.

ನಾನಾಗ ವೆಲ್ಲಿಂಗ್ಟನ್ ಪಕ್ಕದ ಅಪ್ಪರ್ ಹಟ್‌ನ ಒಂದು ವಕೀಲರ ಕಚೇರಿಯಲ್ಲಿದ್ದೆ. ವಕೀಲಳಲ್ಲ, ಬಂದವರನ್ನು ಕೂರಿಸಿ, ವಿವರ ಕೇಳಿ, ಫಾರಂ ತುಂಬಿ, ಸಹಿಗೆ ಸಿದ್ಧ ಮಾಡುವವಳು. ದಿನಕ್ಕೆ ಒಬ್ಬರನ್ನಾದರೂ ‘ಎಂಡ್ಯೂರಿಂಗ್ ಪವರ್ ಆಫ್ ಅಟಾರ್ನಿ ಮಾಡಿಸಿದ್ದೀರಾ?’ ಎಂದು ಕೇಳುವುದು ನನ್ನ ಕೆಲಸದ ಭಾಗವೇ ಆಗಿತ್ತು. ನಾಳೆ ಬುದ್ಧಿ ಕೈಕೊಟ್ಟರೆ, ಮಾತು ನಿಂತುಹೋದರೆ, ನಮ್ಮ ಪರವಾಗಿ ತೀರ್ಮಾನ ಮಾಡುವವರು ಯಾರು ಎಂದು ಬುದ್ಧಿ ನೆಟ್ಟಗಿರುವಾಗಲೇ ಬರೆದು ಸಹಿ ಹಾಕಿಡುವ ಕಾಗದ ಅದು. ಅದರಲ್ಲಿ ಎರಡು ಬಗೆ. ಒಂದು ಆಸ್ತಿಗೆ. ಇನ್ನೊಂದು ಮನುಷ್ಯನ ಯೋಗಕ್ಷೇಮಕ್ಕೆ, ಅಂದರೆ ಅವನು ಎಲ್ಲಿರಬೇಕು, ಯಾರು ನೋಡಿಕೊಳ್ಳಬೇಕು, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎನ್ನುವುದಕ್ಕೆ. ಗಂಡ ಹೆಂಡತಿ ಎಂದಮಾತ್ರಕ್ಕೆ ಈ ಅಧಿಕಾರ ತಾನಾಗಿ ಬರುವುದಿಲ್ಲ. ಇಷ್ಟನ್ನು ನಮ್ಮವರಿಗೆ ಕನ್ನಡದಲ್ಲಿ ಹೇಳಬೇಕು ಎಂದು ನನಗೆ ಬಹಳ ದಿನದ ಹಟ.

ಆದರೆ ಪವರ್ ಆಫ್ ಅಟಾರ್ನಿ ಎಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಸೈಟು. ಮುಂದಿನ ಸಾಲಿನ ಅಂಕಲ್ ಒಬ್ಬರು ಕೈಯೆತ್ತಿ, “ಸೈಟ್ ಎಲ್ಲಿರೋದಮ್ಮಾ? ಮೂಡಾ ಅಪ್ರೂವಲ್ ಆಗಿದ್ಯಾ?” ಎಂದು ಕೇಳಿದರು. ಸೈಟಲ್ಲ ಅಂಕಲ್, ನಿಮ್ಮ ದೇಹದ ವಿಷಯ ಎಂದೆ. ಅವರು ಗಾಬರಿಯಾಗಿ ಕೈ ಇಳಿಸಿದರು. ಆಗ ವಿಜಯಪುರದ ಕಡೆಯ ಒಬ್ಬ ಆಂಟಿ, ಮಗನ ಜೊತೆ ಇಲ್ಲೇ ಬಂದು ನೆಲೆಸಿದವರು, ಕೂತಲ್ಲಿಂದಲೇ ದನಿ ಎತ್ತಿದರು.

“ಅಲ್ಲವಾ, ಹಬ್ಬದ ದಿನ ಬೇವು ಬೆಲ್ಲ ತಿನ್ನೂದು ಬಿಟ್ಟು ಇದೇನ್ ಹಚ್ಚೀದಿ? ಬಾಯಿ ಬೀಳತೈತಿ, ತಲಿ ಕೆಡತೈತಿ ಅಂತ. ಬಿಡ್ತು ಅನ್ನು ಮೊದಲ.”

ನನಗೆ ಉರಿದುಹೋಯಿತು. ಮೈಕಿನಲ್ಲೇ ಹೇಳಿದೆ: “ಬಿಡ್ತು ಅಂದ ತಕ್ಷಣ ಬಿಟ್ಟುಹೋಗಕ್ಕೆ ಲಕ್ವ ಏನು ಕನ್ನಡ ಕಲ್ತಿದ್ಯಾ ಆಂಟಿ?”

ಹಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಆಂಟಿಯೂ ಬಾಯಿಗೆ ಸೆರಗು ಹಿಡಿದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕಿದ್ದು ಹಿಂದಿನ ಸಾಲಿನಲ್ಲಿ ಕುರ್ಚಿ ಜೋಡಿಸುತ್ತಿದ್ದ ನನ್ನ ಗಂಡ. ನಾನು ತಂದಿದ್ದ ಕರಪತ್ರಗಳಲ್ಲಿ ಮುಕ್ಕಾಲು ಪಾಲು, ಊಟವಾದ ಮೇಲೆ ಒಬ್ಬಟ್ಟಿನ ತುಪ್ಪ ಒರೆಸಿದ ಗುರುತಿನೊಂದಿಗೆ ಮೇಜಿನ ಮೇಲೆಯೇ ಸಿಕ್ಕವು.

ನನ್ನ ಗಂಡ ರೈಲ್ವೆ ಸಿಗ್ನಲ್ ವಿಭಾಗದಲ್ಲಿ ಎಂಜಿನಿಯರು. ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ವೆಲ್ಲಿಂಗ್ಟನ್ ರೈಲು ಹತ್ತುವವರು. ಮಾತು ಕಮ್ಮಿ. ಅವರ ಕಡೆಯದನ್ನೂ ಸೇರಿಸಿ ಮನೆಯ ಮಾತೆಲ್ಲ ನಾನೇ ಆಡುತ್ತಿದ್ದೆ. ನಮಗೆ ಮಕ್ಕಳಿಲ್ಲ. ಇಬ್ಬರೇ ಇರುವ ಮನೆಯಲ್ಲಿ ಈ ಕಾಗದ ಎಲ್ಲರಿಗಿಂತ ಮೊದಲು ಬೇಕು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಡ ಮಾಡಿದ್ದೆ, ಏಕೆಂದರೆ ನಮ್ಮ ಕಚೇರಿಯವರೇ ನಮ್ಮದಕ್ಕೆ ಸಾಕ್ಷಿ ಹಾಕುವಂತಿರಲಿಲ್ಲ. ಅಧಿಕಾರ ಪಡೆಯುವವಳು ಅಲ್ಲೇ ಕೆಲಸ ಮಾಡುವವಳಲ್ಲವೇ. ಬೇರೆ ವಕೀಲರ ಹತ್ತಿರ ಹೋಗಬೇಕಿತ್ತು.

ಜೂನ್ ಕೊನೆಯ ಒಂದು ಶನಿವಾರ ಬೆಳಿಗ್ಗೆ, ದೋಸೆ ತಿಂದಾದ ಮೇಲೆ, ಅವರೇ ಫಾರಂ ತೆಗೆಸಿದರು. ಹೊರಗೆ ಇಲ್ಲಿಯ ಚಳಿಗಾಲದ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗಿತ್ತು. ಪೆನ್ಸಿಲ್ ಚೂಪು ಮಾಡಿಕೊಂಡು ಕೂತರು. ಪೆನ್ನು ತಗೊಳ್ಳಿ ಎಂದರೆ, “ಡ್ರಾಯಿಂಗ್ ಮೊದ್ಲು ಪೆನ್ಸಿಲ್ಲಲ್ಲೇ. ಸರಿಯಾಗಿದೆ ಅಂದ್ಮೇಲೆ ಇಂಕು” ಎಂದರು. ಮೊದಲ ಪುಟದಲ್ಲಿ ನನ್ನ ಹೆಸರು, ನಮ್ಮ ವಿಳಾಸ, ಆ ಮುದ್ದಾದ ಅಕ್ಷರದಲ್ಲಿ. ಆಮೇಲೆ ಇಚ್ಛೆಗಳನ್ನು ಬರೆಯುವ ಜಾಗ ಬಂತು. ಪೆನ್ಸಿಲ್ ತುದಿಯನ್ನು ಹಲ್ಲಿನಿಂದ ಕಚ್ಚಿಕೊಂಡು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. ಬರೆಯುತ್ತಾ ಓದಿದರು:

“ಮನೇಲೇ ಇರ್ಬೇಕು. ಊಟ ನೀನ್ ಮಾಡಿದ್ದೇ. ನಾಳೆ ನಂಗೇನಾದ್ರೂ ಆಗಿ ಮಾತು ನಿಂತು ಬಿದ್ಕೊಂಡ್ರೆ, ನೋಡು, ಯಾವ್ದಾದ್ರೂ ರೆಸ್ಟ್ ಹೋಮಲ್ಲಿ ನನ್ನ ಬಿಟ್ಟು...”

“ಬಿಡ್ತು ಅನ್ರೀ!”

ಅದು ಹೇಗೆ ನನ್ನ ಬಾಯಿಂದ ಬಂತೋ ಇವತ್ತಿಗೂ ಗೊತ್ತಿಲ್ಲ. ಕೈಯಲ್ಲಿದ್ದ ಕಾಫಿ ಲೋಟ ಮೇಜಿನ ಮೇಲೆ ಕುಕ್ಕಿದ್ದೆ. ಅವರು ತಲೆಯೆತ್ತಿ ನೋಡಿ, ಕಣ್ಣಲ್ಲೇ ನಗುತ್ತಾ, “ಯುಗಾದಿ ದಿನ ಆ ಆಂಟಿಗೆ ಯಾರೋ ಏನೋ ಭಾಷಣ ಬಿಗಿದ್ರಲ್ಲ?” ಎಂದರು.

“ಅದೆಲ್ಲಾ ಆಮೇಲೆ. ಮೊದ್ಲು ಬಿಡ್ತು ಅನ್ನಿ.”

ಅವರು ಪೆನ್ಸಿಲ್ ಕೆಳಗಿಟ್ಟು, ಪೊಲೀಸರಿಗೆ ಶರಣಾಗುವವರ ಹಾಗೆ ಎರಡೂ ಕೈಯೆತ್ತಿ, “ಬಿಡ್ತು” ಎಂದರು. ನನಗೆ ಸಮಾಧಾನವಾಯಿತು. ನಿಜವಾಗಿಯೂ ಆಯಿತು, ಎದೆಯಲ್ಲಿದ್ದ ಭಾರ ಇಳಿಯಿತು. ಫಾರಂ ಮಡಿಸಿ ಅಡಿಗೆಮನೆಯ ಡ್ರಾದಲ್ಲಿಟ್ಟೆ. ಮೈಸೂರಿನಿಂದ ಭಾವ, ಅಂದರೆ ಇವರ ಅಣ್ಣ, ದಿನಾ ಬೆಳಿಗ್ಗೆ ಮನೆಯವರ ವಾಟ್ಸ್ಯಾಪ್ ಗುಂಪಿಗೆ ಪಂಚಾಂಗ ಕಳಿಸುತ್ತಿದ್ದರು. ಅಂದು ಅದನ್ನು ತೆಗೆದು ನೋಡಿದರೆ ಆಷಾಢ. ಇಂಥ ಕಾಗದಕ್ಕೆ ಆಷಾಢದಲ್ಲಿ ಸಹಿ ಹಾಕುವುದುಂಟೇ? ಕಳೆಯಲಿ ಎಂದೆ. ಅವರಿಗೆ ಪಂಚಾಂಗದಲ್ಲಿ ನಂಬಿಕೆ ಇರಲಿಲ್ಲ, ನನ್ನ ಮಾತು ಮೀರುವ ಅಭ್ಯಾಸವೂ ಇರಲಿಲ್ಲ.

ಆಷಾಢ ಕಳೆಯಿತು. ಶ್ರಾವಣ ಬಂದರೆ ಹಬ್ಬದ ಮೇಲೆ ಹಬ್ಬ. ಅಷ್ಟು ಒಳ್ಳೆಯ ತಿಂಗಳಲ್ಲಿ ಕಾಯಿಲೆ ಕಸಾಲೆಯ ಕಾಗದ ಯಾಕೆ ಎನ್ನಿಸಿತು. ಗೌರಿ ಗಣೇಶ ಆಯಿತು. ಆಮೇಲೆ ಪಿತೃಪಕ್ಷ, ಕೇಳುವುದೇ ಬೇಡ. ಆಮೇಲೆ ನವರಾತ್ರಿ, ಮನೆಯಲ್ಲಿ ಗೊಂಬೆ ಕೂರಿಸಿದ್ದೆ. ಕೆಟ್ಟ ದಿನ ಕೆಟ್ಟದ್ದೆಂದು ಬೇಡ, ಒಳ್ಳೆಯ ದಿನ ಒಳ್ಳೆಯದೆಂದು ಬೇಡ! ನನ್ನ ತಲೆ. ಕಚೇರಿಯಲ್ಲಿ ಕೂತು ಬಿಳಿಯರ ಅಜ್ಜಿಯರಿಗೆ ‘ಇವತ್ತೇ ಮಾಡಿಸಿ, ನಾಳೆ ಅನ್ನಬೇಡಿ’ ಎಂದು ಬುದ್ಧಿ ಹೇಳುತ್ತಿದ್ದವಳು ನಾನೇ.

ಮನೆಯಲ್ಲಿ ಅದೊಂದು ಆಟವೇ ಆಗಿಹೋಗಿತ್ತು. ಚಮಚೆಗೋ ಕತ್ತರಿಗೋ ಆ ಡ್ರಾ ಎಳೆದಾಗ ಫಾರಂ ಕಣ್ಣಿಗೆ ಬೀಳುತ್ತಿತ್ತು. ನಾನು ಅದನ್ನು ಕೈಗೆ ತೆಗೆದುಕೊಂಡರೆ ಸಾಕು, ನಾನು ಬಾಯಿ ಬಿಡುವ ಮೊದಲೇ ಅವರು ಕೈಯೆತ್ತಿ, “ಬಿಡ್ತು, ಬಿಡ್ತು” ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಫಾರಂ ಮತ್ತೆ ಒಳಗೆ ಹೋಗುತ್ತಿತ್ತು. ಕೊನೆಗೆ ದೀಪಾವಳಿ ಮುಗಿದ ಮೇಲಿನ ಬುಧವಾರಕ್ಕೆ ಪಕ್ಕದ ಬೀದಿಯ ವಕೀಲರ ಹತ್ತಿರ ಸಮಯ ಗೊತ್ತು ಮಾಡಿದೆ, ರಾಹುಕಾಲ ತಪ್ಪಿಸಿ.

ಆ ಬುಧವಾರಕ್ಕೆ ಐದು ದಿನ ಇರುವಾಗ, ಶುಕ್ರವಾರ ಬೆಳಿಗ್ಗೆ, ನನ್ನ ಗಂಡ ಸ್ಟೇಷನ್ ಪ್ಲಾಟ್‌ಫಾರಂ ಮೇಲೆ ಬಿದ್ದರು. ಮೊಸರನ್ನದ ಡಬ್ಬಿ ಕೈಯಲ್ಲೇ ಇತ್ತಂತೆ. ಆಸ್ಪತ್ರೆಯಲ್ಲಿ ನಾನು ನೋಡಿದಾಗ ಬಲಗೈ, ಬಲಗಾಲು ಸತ್ತಿದ್ದವು, ಬಾಯಿ ಒಂದು ಕಡೆ ಜಾರಿತ್ತು. ಮಿದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತಿದೆ ಎಂದರು. ಜೀವ ಉಳಿಯಿತು. ಐವತ್ತನಾಲ್ಕು ವರ್ಷದ ಮನುಷ್ಯ. ನನ್ನನ್ನು ನೋಡಿ ಏನೋ ಹೇಳಲು ಹೊರಟು, ಮಾತು ಸಿಗದೆ, ಮಕ್ಕಳ ಹಾಗೆ ಅತ್ತರು.

ಮೂರನೆಯ ವಾರ ಆಸ್ಪತ್ರೆಯ ಸಮಾಜಸೇವಕಿ ಒಬ್ಬಳು ನನ್ನನ್ನು ಪಕ್ಕದ ಕೋಣೆಗೆ ಕರೆದು, ನೀರು ಕೊಟ್ಟು, ತಲೆ ಸ್ವಲ್ಪ ವಾಲಿಸಿ ಕೇಳಿದಳು: ಎಂಡ್ಯೂರಿಂಗ್ ಪವರ್ ಆಫ್ ಅಟಾರ್ನಿ ಮಾಡಿಸಿದ್ದೀರಾ? ನಾನು ಕೇಳುತ್ತಿದ್ದ ಹಾಗೆಯೇ ಕೇಳಿದಳು. ತಲೆ ವಾಲಿಸುವುದೂ ಅದೇ. ಚೀಲದಿಂದ ಫಾರಂ ತೆಗೆದು ಕೊಟ್ಟೆ. ಪೆನ್ಸಿಲ್ ಅಕ್ಷರಗಳನ್ನು ನೋಡಿ ಅವಳು ಮೆಲ್ಲಗೆ ಮಡಿಸಿ ವಾಪಸು ಕೊಟ್ಟಳು. ಅದಕ್ಕೆ ಬೆಲೆಯಿಲ್ಲ ಎಂದು ಅವಳು ನನಗೆ ವಿವರಿಸಬೇಕಾಗಿರಲಿಲ್ಲ.

ಒಂದೇ ಒಂದು ದಾರಿ ಉಳಿದಿತ್ತು. ಈಗಲೂ ಅವರಿಗೆ ವಿಷಯ ಅರ್ಥವಾಗುತ್ತದೆ ಎಂದು ವಕೀಲರಿಗೆ ಮನವರಿಕೆಯಾದರೆ ಎಡಗೈಯಲ್ಲಾದರೂ ಸಹಿ ಹಾಕಬಹುದು. ನಾನು ಗೊತ್ತು ಮಾಡಿದ್ದ ಅದೇ ವಕೀಲರು ವಾರ್ಡಿಗೆ ಬಂದರು. ನನ್ನನ್ನು ಬಾಗಿಲಾಚೆ ನಿಲ್ಲಿಸಿದರು. ನನ್ನ ಪ್ರಭಾವ ಬೀಳಬಾರದು ಎಂಬುದು ನಿಯಮ, ಆ ನಿಯಮವನ್ನು ನಾನೂ ಎಷ್ಟೋ ಹೆಂಡತಿಯರಿಗೆ ಹೇಳಿದ್ದೆ. ಬಾಗಿಲು ಅರ್ಧ ತೆರೆದಿತ್ತು. ವಕೀಲರು ಫಾರಂ ಎತ್ತಿ ತೋರಿಸಿ ನಿಧಾನವಾಗಿ ಇಂಗ್ಲಿಷಿನಲ್ಲಿ ಕೇಳಿದರು: ಇದೇನು ಗೊತ್ತೇ? ನಿಮ್ಮ ಪರವಾಗಿ ಯಾರು ತೀರ್ಮಾನ ಮಾಡಬೇಕು?

ನನ್ನ ಗಂಡ ಫಾರಂ ನೋಡಿದರು. ಮುಖ ಅರಳಿತು. ಪಕ್ಕಕ್ಕೆ ತಿರುಗಿ ಬಾಗಿಲಲ್ಲಿ ನನ್ನನ್ನು ಹುಡುಕಿದರು. ಎತ್ತಲು ಬರುತ್ತಿದ್ದ ಒಂದೇ ಕೈಯನ್ನು ಎತ್ತಿ, ಮೂರು ವಾರದಲ್ಲಿ ಮೊದಲ ಸಲ ಸ್ಪಷ್ಟವಾಗಿ ಒಂದು ಮಾತು ಆಡಿದರು.

“ಬಿಡ್ತು.”

ವಕೀಲರು ಮತ್ತೆ ಕೇಳಿದರು, ಬೇರೆ ರೀತಿಯಲ್ಲಿ ಕೇಳಿದರು. ಮತ್ತೆ ಅದೇ. ಸರಿಯುತ್ತರ ಹೇಳಿದ ಮಗುವಿನ ಹಾಗೆ ನನ್ನ ಕಡೆ ನೋಡಿ ನಗುತ್ತಿದ್ದರು. ನಾನು ಕಲಿಸಿದ ಮಾತು, ನಾನು ಗಟ್ಟಿಯಾಗಿ ಹೇಳಿಸಿದ ಮಾತು. ವಕೀಲರು ಹೊರಗೆ ಬಂದು, ಆ ಪದಕ್ಕೆ ಏನರ್ಥ ಎಂದು ನನ್ನನ್ನು ಕೇಳಿದರು. ಇಷ್ಟು ದೊಡ್ಡ ಬಾಯಿಯವಳಿಗೆ ಅದನ್ನು ವಿವರಿಸಲು ಆಗಲಿಲ್ಲ. ‘ಹೋಯಿತು’ ಎನ್ನುವಂಥ ಅರ್ಥ ಎಂದೆ. ಅವರು ತಲೆಯಾಡಿಸಿ, ಅರ್ಥ ಮಾಡಿಕೊಳ್ಳುವ ಸಾಮರ್ಥ್ಯ ಇಲ್ಲ ಎಂದು ಬರೆದುಕೊಂಡು ಹೋದರು. ಆ ದಿನದ ನಂತರ ನನ್ನ ಗಂಡನಿಗೆ ಉಳಿದದ್ದು ಅದೊಂದೇ ಮಾತು. ನೀರು ಬೇಕೆಂದರೂ ಬಿಡ್ತು, ನೋವೆಂದರೂ ಬಿಡ್ತು. ಮಿದುಳಿಗೆ ಪೆಟ್ಟು ಬಿದ್ದವರಿಗೆ ಹೀಗೆ ಒಂದು ಪದ ಅಂಟಿಕೊಂಡು ಉಳಿಯುವುದುಂಟು ಎಂದು ಮಾತು ಕಲಿಸುವ ಥೆರಪಿಸ್ಟ್ ಹೇಳಿದಳು. ಯಾವ ಪದ ಉಳಿಯುತ್ತದೆ ಎಂದು ಹೇಳಲಾಗುವುದಿಲ್ಲವಂತೆ.

ಇನ್ನು ಉಳಿದದ್ದು ಕೋರ್ಟು. ಕಾಗದ ಇದ್ದಿದ್ದರೆ ‘ಇಲ್ಲ, ನನ್ನ ಗಂಡ ಮನೆಗೇ ಬರುತ್ತಾರೆ’ ಎಂದು ಆಸ್ಪತ್ರೆಯಲ್ಲಿ ಹಟ ಹಿಡಿದು ಕೂರಬಹುದಿತ್ತು. ಇರಲಿಲ್ಲ. ತಾತ್ಕಾಲಿಕ ಆದೇಶದ ಮೇಲೆ ಅವರನ್ನು ಒಂದು ರೆಸ್ಟ್ ಹೋಮಿಗೆ, ಅಂದರೆ ವೃದ್ಧರನ್ನೂ ರೋಗಿಗಳನ್ನೂ ನೋಡಿಕೊಳ್ಳುವ ಆಶ್ರಮಕ್ಕೆ, ಸೇರಿಸಿದರು. ನನ್ನನ್ನು ಅವರ ಪಾಲಕಿಯಾಗಿ ನೇಮಿಸಿ ಎಂದು ನಾನು ಅರ್ಜಿ ಹಾಕಿದೆ. ಕೋರ್ಟು ಅವರ ಪರವಾಗಿ ಒಬ್ಬ ವಕೀಲೆಯನ್ನು ನೇಮಿಸಿತು. ಹತ್ತಿರದ ಸಂಬಂಧಿಕರಿಗೆಲ್ಲ ತಿಳಿಸಿತು, ಅಂದರೆ ಭಾವನಿಗೆ.

ಭಾವ ಸ್ಕೈಪಿನಲ್ಲಿ ಕೂತು ಕಣ್ಣೀರು ಹಾಕಿಕೊಂಡೇ ಹೇಳಿದರು. “ನನ್ ತಮ್ಮನ್ನ ಇಲ್ಲಿಗ್ ಕಳ್ಸಮ್ಮ. ಎಣ್ಣೆ ಹಚ್ಚಿ ನೀವಿಸಿದ್ರೆ ಆರ್ ತಿಂಗ್ಳಲ್ಲಿ ಎದ್ ಓಡಾಡ್ತಾನೆ. ನೀನು ಕೆಲ್ಸಕ್ಕೆ ಹೋಗೋಳು, ಹೇಗ್ ನೋಡ್ಕೋತೀಯ?”

“ಭಾವ, ಅವ್ರು ಮನೇಲೇ ಇರ್ಬೇಕು ಅಂತ ಬರ್ದಿದ್ದಾರೆ. ಅವ್ರದೇ ಅಕ್ಷರ.”

“ಸಹಿ ಎಲ್ಲಿದೆ?”

ಅವರು ಕೆಟ್ಟವರಲ್ಲ. ತಮ್ಮನ ಮೇಲಿನ ಪ್ರೀತಿಯಿಂದಲೇ ಕೋರ್ಟಿಗೆ ಆಕ್ಷೇಪಣೆಯ ಪತ್ರ ಬರೆದರು. ಆ ಪತ್ರಕ್ಕೆ ಉತ್ತರ, ಉತ್ತರಕ್ಕೆ ಉತ್ತರ, ವೈದ್ಯರ ವರದಿ, ಮತ್ತೊಂದು ದಿನಾಂಕ. ಇಲ್ಲಿಯ ಬೇಸಿಗೆ ಹೋಯಿತು. ಯುಗಾದಿ ಬಂತು, ನಾನು ಹೋಗಲಿಲ್ಲ.

ದಿನಾ ಮಧ್ಯಾಹ್ನ ಕಚೇರಿ ಮುಗಿಸಿ ರೆಸ್ಟ್ ಹೋಮಿಗೆ ಹೋಗುತ್ತಿದ್ದೆ. ಅವರ ಕಿಟಕಿಯಿಂದ ಕಾರು ನಿಲ್ಲಿಸುವ ಜಾಗ ಕಾಣುತ್ತಿತ್ತು. ನಾನು ತಂದ ಸಾರನ್ನು ಹಾಗೇ ಕುಡಿಸುವಂತಿರಲಿಲ್ಲ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಂದು ಏನೋ ಪುಡಿ ಬೆರೆಸಿ ಗೋಂದಿನ ಹಾಗೆ ಮಾಡಿ ಕೊಡುತ್ತಿದ್ದರು. ಅದನ್ನು ಕುಡಿಯುವಾಗ ಅವರು ನನ್ನ ಮುಖ ನೋಡುತ್ತಿದ್ದರು. ನಾನು ಬೇರೆ ಕಡೆ ನೋಡುತ್ತಿದ್ದೆ. ಮನೆಯಲ್ಲಿ ಮಾತ್ರ ಎಲ್ಲ ಸಿದ್ಧ ಮಾಡಿಸುತ್ತಾ ಹೋದೆ: ಬಾಗಿಲಿಗೆ ಇಳಿಜಾರು, ಬಚ್ಚಲಿಗೆ ಹಿಡಿಕೆ, ಹಾಲಿನಲ್ಲಿ ಕಿಟಕಿ ಪಕ್ಕ ಮಂಚ.

ಆ ನಡುವೆ ಒಂದು ದಿನ ವಿಜಯಪುರದ ಆಂಟಿ ಮೊಮ್ಮಗಳನ್ನು ಕರೆದುಕೊಂಡು ಮನೆಗೆ ಬಂದರು. ನನ್ನ ಕೈ ಹಿಡಿದುಕೊಂಡು ಹೇಳಿದರು: “ನಾ ಆ ಕಾಗದ ಮಾಡಿಸಿದೆ ನೋಡವಾ. ನಿನ್ನ ಹಣೇಬಾರ ನೋಡಿ ಅಂಜಿಕಿ ಬಂತು. ನಾವು ಏಳೆಂಟು ಮಂದಿ ಕೂಡೇ ಹೋಗಿ ಮಾಡಿಸೀವಿ.”

ಸಂತೋಷವಾಗಬೇಕಿತ್ತು. ವರ್ಷಗಟ್ಟಲೆ ಬಾಯಿ ಬಡಿದುಕೊಂಡರೂ ಆಗದಿದ್ದದ್ದು ಈಗ ಆಗಿತ್ತು, ನಾನೇ ಈಗ ಕರಪತ್ರ. ಆದರೆ ಆ ಕ್ಷಣ ನನಗೆ ಆ ಮುದುಕಿಯ ಮೇಲೆ ಬಂದದ್ದು ಹೊಟ್ಟೆಕಿಚ್ಚು. ಒಳ್ಳೇದಾಯ್ತು ಆಂಟಿ ಎಂದು ಹೇಳಿ, ಕುಂಕುಮ ಕೊಟ್ಟು ಕಳಿಸಿದೆ.

ಆದೇಶ ಬಂದದ್ದು ಎಂಟು ತಿಂಗಳಿಗೆ. ಕೋರ್ಟು ನನ್ನನ್ನೇ ಪಾಲಕಿ ಮಾಡಿತ್ತು. ನನ್ನ ಗಂಡ ಎಲ್ಲಿರಬೇಕು ಎಂದು ಹೇಳುವ ಅಧಿಕಾರ ಈಗ ನನ್ನದು. ಮತ್ತೆ ಆಷಾಢ, ನಾನು ಪಂಚಾಂಗದ ಮುಖ ನೋಡಲಿಲ್ಲ, ಆ ಗುಂಪಿನಿಂದಲೇ ಹೊರಗೆ ಬಂದಿದ್ದೆ. ಮುಂದಿನ ಶನಿವಾರವೇ ಗಾಲಿಕುರ್ಚಿ ಹತ್ತಿಸುವ ಟ್ಯಾಕ್ಸಿ ಕರೆಸಿದೆ. ಮೊದಲು ಒಂದು ದಿನದ ಮಟ್ಟಿಗೆ ಕರೆದುಕೊಂಡು ಹೋಗಿ ನೋಡಿ ಎಂದು ರೆಸ್ಟ್ ಹೋಮಿನವರು ಹೇಳಿದ್ದರು. ನಾನು ಬೆಳಿಗ್ಗೆಯೇ ಎದ್ದು ಅನ್ನ ಮೆತ್ತಗೆ ಬೇಯಿಸಿ ಮೊಸರು ಕಲೆಸಿಟ್ಟಿದ್ದೆ. ಹೋದ ವರ್ಷದ ಹಾಗೆಯೇ ಹುಲ್ಲು ಬೆಳ್ಳಗಿತ್ತು.

ಕುರ್ಚಿಯನ್ನು ಬಾಗಿಲವರೆಗೆ ತಳ್ಳಿಕೊಂಡು ಬಂದು, ಎಂದಿನ ಅಭ್ಯಾಸದಂತೆ, ಅವರ ಶೂ ಬಿಚ್ಚಲು ಬಗ್ಗಿದೆ. ಅವರು ಕಾಲು ಎಳೆದುಕೊಂಡರು. ತಲೆಯೆತ್ತಿದೆ. ಅವರು ನೋಡುತ್ತಿದ್ದದ್ದು ಯಾರದೋ ಮನೆಯನ್ನು.

“ರೀ, ಮನೆ ರೀ. ನಮ್ಮನೆ.”

ಎಡಗೈಯಿಂದ ಇಳಿಜಾರಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು ಅಳತೊಡಗಿದರು. ಬಿಡ್ತು, ಬಿಡ್ತು, ಬಿಡ್ತು. ಪಕ್ಕದ ಮನೆಯವನು ಹೊರಗೆ ಬಂದು ನೋಡುವಷ್ಟು ಜೋರಾಗಿ. ಹೇಗೋ ಒಳಗೆ ತಂದೆ. ಮೊಸರನ್ನ ಬಾಯಿಗೆ ಇಟ್ಟರೆ ಉಗಿದರು. ಎರಡು ಗಂಟೆ ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಟ್ಯಾಕ್ಸಿಯ ಸದ್ದು ಕೇಳಿದ ಮೇಲೆ ಸುಮ್ಮನಾದರು. ರೆಸ್ಟ್ ಹೋಮಿನ ಬಾಗಿಲಲ್ಲಿ ದಪ್ಪನೆಯ ಸಮೋವಾದ ಆಯಾ ಕೈಬೀಸಿದಾಗ ನಕ್ಕರು. ಊರಿಂದ ಮನೆಗೆ ವಾಪಸು ಬಂದವರು ನಗುವ ಹಾಗೆ ನಕ್ಕರು.

ಮೂರು ಶನಿವಾರ ಪ್ರಯತ್ನಪಟ್ಟೆ. ಮೂರನೆಯ ಸಲ ಕುರ್ಚಿಯಿಂದ ಜಾರಿ ಬಿದ್ದು ಹಣೆ ಒಡೆದುಕೊಂಡರು. ವೈದ್ಯರು ನನ್ನನ್ನು ಕೂರಿಸಿ ಹೇಳಿದರು: ಮೊದಲ ತಿಂಗಳೇ ಹೋಗಿದ್ದರೆ ಮನೆಗೆ ಹೊಂದಿಕೊಳ್ಳುತ್ತಿದ್ದರೋ ಏನೋ, ಈಗ ಅವರಿಗೆ ಇದೇ ಮನೆ, ಜಾಗ ಬದಲಾದರೆ ಅವರಿಗೆ ಭಯ. ಆಮೇಲೆ, ತುಂಬ ಮರ್ಯಾದೆಯಿಂದಲೇ, ತೀರ್ಮಾನ ನಿಮ್ಮದು, ಅಧಿಕಾರ ಈಗ ನಿಮ್ಮ ಹತ್ತಿರವೇ ಇದೆ ಎಂದರು.

ರೆಸ್ಟ್ ಹೋಮಿನ ಮ್ಯಾನೇಜರ್ ಒಂದೇ ಹಾಳೆ ಕೊಟ್ಟಳು. ಇವರು ಇನ್ನು ಮುಂದೆ ಕಾಯಂ ಆಗಿ ಇಲ್ಲೇ ಇರುವುದಕ್ಕೆ ಪಾಲಕಿಯ ಒಪ್ಪಿಗೆ. ಅವಳೇ ಪೆನ್ನನ್ನೂ ಕೊಟ್ಟಳು, ನೀಲಿ ಇಂಕಿನದು. ಒಂದೂವರೆ ಪುಟ ಪೆನ್ಸಿಲ್ಲಿನಲ್ಲಿ ಬರೆದು ಅವರು ಬೇಡ ಎಂದಿದ್ದದ್ದು ಅದೊಂದೇ. ಎಂಟು ತಿಂಗಳು ಕೋರ್ಟಿಗೆ ಅಲೆದು ಪಡೆದ ಅಧಿಕಾರದಲ್ಲಿ ನಾನು ಹಾಕಿದ ಮೊದಲ ಸಹಿಯೂ ಅದೇ.

ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವರ ಕೋಣೆಗೆ ಹೋದೆ. ಕಿಟಕಿಯ ಹತ್ತಿರ ಕೂತಿದ್ದರು. ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಕಾಗದ ನೋಡಿದರು. ಮುಖ ಅರಳಿತು. ಎಡಗೈ ಮೇಲೆತ್ತಿದರು.

“ಬಿಡ್ತು.”

“ಹೂಂ ರೀ,” ಎಂದೆ. “ಬಿಟ್ಟೆ.”